ಹೊರೆ ಹೊರುವವರ ಸೊಂಟನೋವು: ಅದರ ಕಾರಣವೂ ಉಪಚಾರವೂ

ಸುಗ್ಗಿಯ ಕಾಲದಲ್ಲಿ ಕಣದಿಂದ ಗಾಡಿಗೂ ಗಾಡಿಯಿಂದ ಉಗ್ರಾಣಕ್ಕೂ ಮೂಟೆಗಳನ್ನು ಸಾಗಿಸುವ ಆಳುಗಳಲ್ಲಿ ಒಬ್ಬಿಬ್ಬರು ಸೊಂಟ ಹಿಡಿದು ಮಲಗುವುದು ಗ್ರಾಮಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಗತಿಯಾಗಿದೆ. ಎತ್ತು ಕುಂಟಿದರೆ ಒಡನೆಯೇ ಪಶುವೈದ್ಯರಿಗೆ ಹೇಳಿ ಕಳುಹಿಸುವ ಜಮೀನುದಾರರು, ಆಳಿನ ಸೊಂಟನೋವನ್ನು ಮೈಗಳ್ಳತನವೆಂದೋ ವಾಯುವಿನ ಬಾಧೆಯೆಂದೋ ಎಣಿಸಿ ಸುಮ್ಮನಿರುವುದುಂಟು. ಹೀಗೆ ಮಲಗಿದವರಲ್ಲಿ ಕೆಲವರಿಗೆ ಬಂದಿರುವುದು, ಜನರು ‘ಡಿಸ್ಕ್ ಜಾರಿದೆ’ ಎಂದು ಹೇಳುವ ವ್ಯಾಧಿ. ಇದರ ಸ್ವರೂಪವನ್ನು ತಿಳಿದುಕೊಳ್ಳುವುದು ಗ್ರಾಮದ ಮುಖಂಡರಿಗೆ ಅವಶ್ಯಕ.

ವ್ಯಾಧಿಯ ಸ್ವರೂಪ.— ಬೆನ್ನೆಲುಬು ಒಂದೇ ಮೂಳೆಯಲ್ಲ. ಒಂದರ ಮೇಲೊಂದು ಕುಳಿತ ಮಣಿಗಳ ಸಾಲು. ಸೊಂಟದ ಭಾಗದಲ್ಲಿ ಇಂಥ 5 ಮಣಿಗಳಿವೆ. ಮಣಿಗಳ ನಡುವೆ ಭಾರವನ್ನು ತಾಳುವ ಒಂದೊಂದು ಬಿಲ್ಲೆಯಿದೆ; ಇದೇ ಡಿಸ್ಕ್. ಇದರ ಹೊರಸುತ್ತು ಗಟ್ಟಿಯಾದ ನಾರಿನದು. ಒಳಗಿನ ತಿರುಳು ಲೋಳೆಯಂತೆ ಮೃದುವಾದುದು. ವಯಸ್ಸಾದಂತೆ ನಾರು ಸವೆಯುತ್ತದೆ. ಹೀಗಿರುವಾಗ ನಡುವನ್ನು ಬಗ್ಗಿಸಿ, ಮೈಯನ್ನು ತಿರುಚಿ ಭಾರವನ್ನೆತ್ತಿದರೆ ನಾರು ಬಿರಿದು, ತಿರುಳು ಹಿಂದಕ್ಕೆ ಚಾಚಿ, ಕಾಲಿಗೆ ಇಳಿಯುವ ನರದ ಬುಡವನ್ನು ಒತ್ತಬಹುದು. ಅಮೆರಿಕದ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು 1934ರಲ್ಲಿ ಇದನ್ನು ವಿಶದವಾಗಿ ತೋರಿಸಿಕೊಟ್ಟರು. ಬಿಲ್ಲೆಯು ಇಡಿಯಾಗಿ ಸ್ಥಳ ಬಿಟ್ಟು ಜಾರುವುದಿಲ್ಲ. ಆದುದರಿಂದ ಬೆನ್ನನ್ನು ತುಳಿಸಿಯೋ ಒದೆಯಿಸಿಯೋ ಅದನ್ನು ಕೂರಿಸುವೆವೆಂಬುದು ಭ್ರಮೆ. ಅದರಿಂದ ನರಕ್ಕೆ ಹೆಚ್ಚಿನ ಪೆಟ್ಟಾಗುವ ಸಂಭವವೂ ಉಂಟು.

ಲಕ್ಷಣಗಳು.— ನೋವು ಸೊಂಟದಲ್ಲಿಯೇ ನಿಲ್ಲದೆ ಪಿರ್ರೆ, ತೊಡೆಯ ಹಿಂಭಾಗ, ಮೀನಖಂಡಗಳ ಮಾರ್ಗವಾಗಿ ಪಾದದವರೆಗೆ ಇಳಿಯುವುದು. ಕೆಮ್ಮಿದಾಗ, ಸೀನಿದಾಗ ಹೆಚ್ಚುವುದು. ಕಾಲು ಜೋಮು ಹಿಡಿಯುವುದು. ಕಾಲಿಗಿಳಿಯದ ಸೊಂಟನೋವು ಬಹುಮಟ್ಟಿಗೆ ಮಾಂಸಖಂಡಗಳ ಉಳುಕಾಗಿರುತ್ತದೆ.

ಉಪಚಾರ.— ರೋಗಿಗೆ ಮೊದಲು ಹೇಳತಕ್ಕದ್ದು ಧೈರ್ಯದ ಮಾತು. ಹೆಚ್ಚು ಮಂದಿ ಶಸ್ತ್ರಚಿಕಿತ್ಸೆಯಿಲ್ಲದೆಯೇ 6ರಿಂದ 12 ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ; ಹೊರಚಾಚಿದ ತಿರುಳು ಅನೇಕರಲ್ಲಿ ತಾನಾಗಿಯೇ ಕುಗ್ಗುತ್ತದೆ. ತೀವ್ರವಾದ ನೋವಿದ್ದಲ್ಲಿ ಒಂದೆರಡು ದಿನಗಳ ವಿಶ್ರಾಂತಿ ಸಾಕು. ತಿಂಗಳುಗಟ್ಟಲೆ ಮಲಗಿದರೆ ಬೆನ್ನಿನ ಖಂಡಗಳು ಸೊರಗಿ ಗುಣವಾಗುವುದು ತಡವಾಗುತ್ತದೆ. ತಾಳಬಲ್ಲಷ್ಟು ನಡೆದಾಡುವುದು, ಬಿಸಿಶಾಖ, ಕ್ರಮೇಣ ವೈದ್ಯರು ತಿಳಿಸುವ ವ್ಯಾಯಾಮ, ಇವು ಹಿತಕರ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ದಿನವೂ ನುಂಗುವುದು ಹೊಟ್ಟೆಗೂ ಮೂತ್ರಪಿಂಡಗಳಿಗೂ ಹಾನಿಕರ. ಗುಣವಾಗುವವರೆಗೆ ಹೊರೆ ಹೊರಿಸದೆ, ಕಾವಲು, ಲೆಕ್ಕ, ಬೀಜ ಆರಿಸುವುದು ಮೊದಲಾದ ಹಗುರ ಕೆಲಸವನ್ನು ಕೊಟ್ಟು ಕೂಲಿಯನ್ನು ನಡೆಸಿಕೊಂಡು ಬರುವುದು ಯಜಮಾನನಿಗೆ ತಕ್ಕುದು. ಕೂಲಿಗೆ ಹೆದರಿ ಅವಧಿಗೆ ಮುಂಚೆ ಮೂಟೆಗೆ ಹೆಗಲು ಕೊಟ್ಟವನು ಮತ್ತೆ ಮಲಗುವನು.

ಅಪಾಯದ ಕುರುಹುಗಳು.— ಮೂತ್ರ ಕಟ್ಟುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ಗುದ ಮತ್ತು ಜನನೇಂದ್ರಿಯದ ಸುತ್ತ ಸ್ಪರ್ಶಜ್ಞಾನವಿಲ್ಲದಿರುವುದು, ಎರಡು ಕಾಲುಗಳೂ ಸೋಲುವುದು: ಇವುಗಳಲ್ಲಿ ಒಂದು ಕಂಡುಬಂದರೂ ಬೆಳಗಾಗಲೆಂದು ಕಾಯದೆ, ಆ ರಾತ್ರಿಯೇ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸತಕ್ಕದ್ದು. ತಡವಾದರೆ ಆ ಊನವು ಜೀವಮಾನವಿಡೀ ಉಳಿಯಬಹುದು. ನಾಚಿಕೆಯಿಂದ ರೋಗಿಯು ಇವನ್ನು ಹೇಳದಿರಬಹುದಾದುದರಿಂದ ಮನೆಯವರು ಕೇಳಿ ತಿಳಿಯಬೇಕು. ಪಾದವು ಜೋತುಬಿದ್ದರೂ, ಸೊಂಟನೋವಿನೊಡನೆ ಜ್ವರ ಬಂದರೂ, ಮೈ ಇಳಿದರೂ ವೈದ್ಯರಿಗೆ ತೋರಿಸಲು ತಡಮಾಡಕೂಡದು.

ನಿವಾರಣೋಪಾಯಗಳು.—
1. ಒಬ್ಬ ಗಂಡಾಳು ಹೊರುವ ಭಾರವು 55 ಕಿಲೋಗ್ರಾಂ ಮೀರಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿತು. ಭತ್ತವನ್ನು 75 ಕಿಲೋಗ್ರಾಂ ಚೀಲಗಳಲ್ಲಿ ತುಂಬುವ ರೂಢಿಯನ್ನು ಬಿಟ್ಟು, 50ಕ್ಕೆ ಮೀರದಂತೆ ತುಂಬಬೇಕು. ಹೆಂಗಸರಿಗೆ ಇನ್ನೂ ಕಡಿಮೆ.
2. ನೆಲದಿಂದ ಮೂಟೆಯನ್ನು ಇಬ್ಬರು ಕೂಡಿ ಎತ್ತಬೇಕು. ಮಂಡಿ ಮಡಿಸಿ, ಭಾರವನ್ನು ಮೈಗೆ ಒತ್ತಿಹಿಡಿದು ಏಳಬೇಕು. ತಿರುಗುವಾಗ ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸಬೇಕು.
3. ಗಾಡಿಯ ಮಟ್ಟಕ್ಕೆ ಕಣದ ಬಳಿ ಕಲ್ಲಿನ ಜಗಲಿಯನ್ನು ಕಟ್ಟಿಸಿದರೆ ನೆಲದಿಂದೆತ್ತುವ ಶ್ರಮವು ಬಹಳ ತಗ್ಗುವುದು.
4. ನಾಟಿ, ಕಳೆ ಕೀಳುವ ಕೆಲಸಗಳಲ್ಲಿ ಆಗಾಗ್ಗೆ ನಡು ನೆಟ್ಟಗೆ ಮಾಡಲು ಬಿಡುವು ಕೊಡಬೇಕು. ಉದ್ದ ಹಿಡಿಯ ಸಲಕರಣೆಗಳನ್ನು ಒದಗಿಸಬೇಕು.
5. ಬೀಡಿ, ಸಿಗರೇಟುಗಳು ಬಿಲ್ಲೆಯ ಸವೆತವನ್ನು ಹೆಚ್ಚಿಸುವುದರಿಂದ ಅವನ್ನು ವರ್ಜಿಸಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ತಗಲುವ ವೆಚ್ಚ ಅತ್ಯಲ್ಪ. ಚೀಲಕ್ಕೆ ಎಷ್ಟು ತುಂಬಬೇಕೆಂಬುದನ್ನು ನಿಶ್ಚಯಿಸುವವನು ಹೊರುವ ಆಳಲ್ಲ, ತುಂಬಿಸುವ ಯಜಮಾನ. ಆದುದರಿಂದ ಈ ವ್ಯಾಧಿಯ ನಿವಾರಣೆಯು ಮೊದಲು ಅವನ ಕಣದಿಂದಲೇ ಆರಂಭವಾಗತಕ್ಕದ್ದು.