ನಿಮಗಿದು ಗೊತ್ತೇ? ನೇತ್ರಾವತಿಯ ಮನೆಗಳು, ಕೊರಿಯಾದ ಮನೆಗಳು

ಪಾಣೆಮಂಗಳೂರಿನಿಂದ ನೇತ್ರಾವತಿ ದಾಟಿದರೆ ಬಂಟ್ವಾಳ. ಕನ್ನಡ ಮಕ್ಕಳ ಕವಿ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇಲ್ಲೇ. ಅವರ ಮನೆಮಾತು ಕೊಂಕಣಿ. ಬರೆದದ್ದು ಕನ್ನಡದಲ್ಲಿ. ತುಳುವರ ಕೋಟಿ ಚೆನ್ನಯರ ಕಥೆಯನ್ನು ಕನ್ನಡದ ಗದ್ಯಕ್ಕೆ ತಂದರು, ಕೊಡವರ ಹುತ್ತರಿ ಹಬ್ಬವನ್ನು ಹಾಡು ಮಾಡಿದರು. ‘ಕವಿಶಿಷ್ಯ’ ಎಂದು ಹೆಸರಿಟ್ಟುಕೊಂಡು ಬರೆದ ಈ ಮೇಷ್ಟ್ರನ್ನು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನ ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಮಕ್ಕಳಿಗೆ ಬರೆಯುವವರನ್ನು ಆ ಕಾಲ ಎಷ್ಟು ದೊಡ್ಡವರೆಂದು ಕಂಡಿತ್ತು, ನೋಡಿ!

ಮೂಡುಬಿದಿರೆಯ ರತ್ನಾಕರವರ್ಣಿ ‘ಭರತೇಶ ವೈಭವ’ ಬರೆದದ್ದು 1557ರಲ್ಲಿ, ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳಲ್ಲಿ. ಚಕ್ರವರ್ತಿಯ ಕಾವ್ಯವಾದರೂ ಅದರಲ್ಲಿ ಊಟದ ಮನೆಗೆ, ರಾಣಿಯರ ಮಾತುಕತೆಗೆ ಧಾರಾಳ ಜಾಗ ಉಂಟು.

ತುಳುನಾಡಿನ ಅತಿ ದೊಡ್ಡ ಕುಟುಂಬ ಕಥೆ ಪುಸ್ತಕವಾದದ್ದು ಫಿನ್ಲೆಂಡಿನಲ್ಲಿ! ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಸಿರಿ ಪಾಡ್ದನ ಎಂಬ ತುಳು ಹಾಡುಗಥೆಯನ್ನು ಹಾಡುತ್ತಿದ್ದವರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಕೂತು 1990ರಲ್ಲಿ ಅದನ್ನು ದಾಖಲಿಸಿಕೊಂಡರು. ಬಂದದ್ದು 15,683 ಸಾಲು. 1998ರಲ್ಲಿ ತುಳು ಮೂಲ, ಇಂಗ್ಲಿಷ್ ಅನುವಾದ ಎರಡೂ ಅಚ್ಚಾದವು. ಇಷ್ಟುದ್ದದ ಕಾವ್ಯ ಗೋಪಾಲ ನಾಯ್ಕರಿಗೆ ಬಾಯಿಗೇ ಬರುತ್ತಿತ್ತು.

ಕಥೆಯ ಒಳಗೆ ಏನುಂಟು? ಬಸಿರಿ ಸಿರಿಯ ಬಯಕೆ ಶಾಸ್ತ್ರಕ್ಕೆ ಸೀರೆ ತರಲು ಹೋದ ಗಂಡ ಕಾಂತು ಪೂಂಜ, ದಾರಿಯಲ್ಲಿ ಸಿದ್ದು ಎಂಬವಳ ಮನೆ ಹೊಗುತ್ತಾನೆ. ಅವಳು ಉಟ್ಟು ಬಿಚ್ಚಿದ ಸೀರೆಯನ್ನೇ ಮಡಚಿ ಹೆಂಡತಿಗೆ ತರುತ್ತಾನೆ. ಸಿರಿಗೆ ಅದು ತಿಳಿದುಹೋಗುತ್ತದೆ. ಸೀರೆ ಮುಟ್ಟುವುದಿಲ್ಲ. ಮುಂದೆ ಗಂಡನನ್ನೇ ಬಿಟ್ಟು, ಕೂಸು ಕುಮಾರನೊಡನೆ ಹೊರಟು, ಕೊಡ್ಸರಾಳ್ವನನ್ನು ಮರುಮದುವೆಯಾಗುತ್ತಾಳೆ. ಅಳಿಯಕಟ್ಟಿನ ನಾಡು ಇದು, ಆಸ್ತಿಯೂ ಮನೆತನದ ಹೆಸರೂ ಹೆಣ್ಣಿನ ಕಡೆಯಿಂದ ಇಳಿಯುತ್ತಿದ್ದ ಊರು. ಸಿರಿಯ ಬೆನ್ನೆಲುಬು ಅಷ್ಟು ಗಟ್ಟಿಯಾಗಿರುವುದು ಸುಮ್ಮನೆ ಅಲ್ಲ. ಈ ಕಥೆ ನಮ್ಮ ಪ್ರತಿ ಶಾಲೆಯ ಕಪಾಟಿನಲ್ಲಿ, ಹತ್ತು ವರ್ಷದ ಮಗು ಓದುವಂಥ ಕನ್ನಡದಲ್ಲಿ ಇರಲೇಬೇಕು ಎಂಬುದು ನನ್ನ ಹಠ.

ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆಮಣೆ ಆಡಬಾರದು ಎಂದು ಅಜ್ಜಿಯರು ಗದರುವುದನ್ನು ಕೇಳಿದ್ದೀರಾ? ಅದರ ಮೂಲವೂ ಸಿರಿ ಪಾಡ್ದನವೇ. ಸಿರಿಯ ಸಂತತಿಯ ಅವಳಿಗಳು ಅಬ್ಬಗ, ದಾರಗ. ಏಳೇಳರ ಎರಡು ಸಾಲು ಗುಳಿ, ಗುಳಿಗೆ ನಾಲ್ಕು ಕಾಯಿ, ಆಟ ಬಿಸಿಯೇರುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ. ಒಬ್ಬಳು ಮಣೆ ಎತ್ತಿ ಹೊಡೆದಾಗ ಇನ್ನೊಬ್ಬಳು ಸಾಯುತ್ತಾಳೆ. ಹೊಡೆದವಳೂ ಬಾವಿಗೆ ಹಾರುತ್ತಾಳೆ.

ಹಳೆಯ ತುಳು ಮನೆಗಳ ದಿನಬಳಕೆಯ ಸಾಮಾನುಗಳನ್ನು ಕಣ್ಣಾರೆ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಅವು ಇವೆ. ಮಕ್ಕಳನ್ನು ಕರೆದುಕೊಂಡೇ ಹೋಗಿ.

ಕೊರಿಯಾದಲ್ಲೂ ಪಾಡ್ದನದಂಥದ್ದು ಉಂಟು, ಹೆಸರು ಪಾನ್ಸೋರಿ. ಒಬ್ಬರು ಹಾಡುವುದು, ಒಬ್ಬರು ಡೋಲು ಬಾರಿಸುವುದು, ಗಂಟೆಗಟ್ಟಲೆ. 2003ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು. ಅದರ ಹೆಸರಾಂತ ಕಥೆಯೊಂದರಲ್ಲಿ ಸಿಮ್‌ಚೊಂಗ್ ಎಂಬ ಹುಡುಗಿ, ಕುರುಡು ಅಪ್ಪನಿಗೆ ಕಣ್ಣು ಬರಲೆಂದು ಮುನ್ನೂರು ಮೂಟೆ ಅಕ್ಕಿಗೆ, ಸಮುದ್ರಕ್ಕೆ ಬಲಿಯಾಗಲು, ತನ್ನನ್ನೇ ನಾವಿಕರಿಗೆ ಮಾರಿಕೊಳ್ಳುತ್ತಾಳೆ. ಅಲ್ಲಿ ಮನೆಗಾಗಿ ಸಮುದ್ರಕ್ಕೆ ಹಾರುವ ಮಗಳು, ಇಲ್ಲಿ ಮಾನಕ್ಕಾಗಿ ಮನೆ ಬಿಡುವ ಹೆಂಡತಿ. ಇಬ್ಬರನ್ನೂ ಒಂದೇ ಸಂಜೆ ಮಕ್ಕಳಿಗೆ ಹೇಳಿ ನೋಡಿ, ಅವರೇ ವಾದಕ್ಕೆ ಇಳಿಯುತ್ತಾರೆ.

1940ರಲ್ಲಿ ಜಪಾನಿನ ಆಳ್ವಿಕೆ ಕೊರಿಯನ್ನರ ಮೇಲೆ ಜಪಾನಿ ಹೆಸರು ಹೇರಿತು. ಸ್ವಂತ ಹೆಸರು ಕಳೆದುಕೊಂಡ ಅಣ್ಣ ತಂಗಿಯ ಕಥೆಯನ್ನು ಲಿಂಡಾ ಸೂ ಪಾರ್ಕ್ 2002ರಲ್ಲಿ ಮಕ್ಕಳಿಗಾಗಿ ಕಾದಂಬರಿ ಮಾಡಿದರು. ಜಪಾನಿಗೆ ವಲಸೆ ಹೋದ ಕೊರಿಯನ್ ಸಂಸಾರವೊಂದರ ತಲೆಮಾರುಗಳು ದೊಡ್ಡವರಿಗೆಂದು ಬರೆದ ‘ಪಚಿಂಕೊ’ದಲ್ಲಿವೆ. ಅದು ಮಿನ್ ಜಿನ್ ಲೀ ಅವರ 2017ರ ಕಾದಂಬರಿ.

ಕೊರಿಯಾದ ಬೇಕ್ ಹೀನಾ ಅವರ ‘ಮೋಡದ ರೊಟ್ಟಿ’ ಗೊತ್ತೇ? ಮೋಡ ಹಿಟ್ಟಾಗಿ, ರೊಟ್ಟಿಯಾಗಿ, ತಿಂದವರು ತೇಲುತ್ತಾರೆ. ತಿಂಡಿ ತಿನ್ನದೆ ಕೆಲಸಕ್ಕೆ ಓಡಿದ ಅಪ್ಪನಿಗೆ ಮಕ್ಕಳು ಹಾರಿಕೊಂಡು ಹೋಗಿ ರೊಟ್ಟಿ ಕೊಡುತ್ತಾರೆ. ಅಷ್ಟೇ ಕಥೆ. 2020ರ ಆಸ್ಟ್ರಿಡ್ ಲಿಂಡ್‌ಗ್ರೆನ್ ಪ್ರಶಸ್ತಿ ಬೇಕ್ ಅವರಿಗೆ ಬಂತು.

ಬೋಳುವಾರು ಮಹಮದ್ ಕುಂಞಿಯವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಎರಡು ಗೌರವ. ಗಾಂಧೀಜಿಯನ್ನು ಮಕ್ಕಳಿಗೆ ಹೇಳಿದ ಪುಸ್ತಕಕ್ಕೆ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ, ‘ಸ್ವಾತಂತ್ರ್ಯದ ಓಟ’ ಕಾದಂಬರಿಗೆ 2016ರಲ್ಲಿ ಅಕಾಡೆಮಿ ಪ್ರಶಸ್ತಿ. ಪುತ್ತೂರಿನ ಪಕ್ಕದ ಬೋಳುವಾರಿನವರು.

ಕಾಸರಗೋಡಿನ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಕಲಿತವರು. ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ. ಅಪ್ಪನ ಸಿಟ್ಟಿಗೆ, ತಲಾಖಿಗೆ ಸಿಕ್ಕಿಕೊಂಡ ನಾದಿರಾಳ ಗೋಳನ್ನು ಮನೆಯ ಒಳಕೋಣೆಯಲ್ಲೇ ನಿಂತು ಹೇಳಿದ ಪುಸ್ತಕ. ಕರಾವಳಿಯ ಮುಸ್ಲಿಂ ಮನೆಯ ಒಳಗಿನ ಬದುಕು ಕನ್ನಡದ ಓದುಗರಿಗೆ ತೆರೆದುಕೊಂಡದ್ದು ಬಹುಪಾಲು ಈ ಬಾಗಿಲಿನಿಂದಲೇ.

ಕೊನೆಗೊಂದು. 2016ರ ಇಂಟರ್‌ನ್ಯಾಷನಲ್ ಬೂಕರ್ ಕೊರಿಯಾದ ಹಾನ್ ಕಾಂಗ್ ಅವರ ‘ದ ವೆಜಿಟೇರಿಯನ್’ಗೆ. ಮಾಂಸ ಬಿಟ್ಟ ಮಗಳ ಬಾಯಿಗೆ ಮನೆಮಂದಿಯೆದುರೇ ಅಪ್ಪ ಮಾಂಸ ತುರುಕುವ ಕಾದಂಬರಿ ಅದು. 2024ರಲ್ಲಿ ಹಾನ್ ಅವರಿಗೆ ನೊಬೆಲ್ ಬಂತು. ಮರುವರ್ಷ ಅದೇ ಬೂಕರ್ ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ. ಅನುವಾದಿಸಿದ ದೀಪಾ ಭಾಸ್ತಿ ಮಡಿಕೇರಿಯವರು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.