ಪಾಸಿಟಿವ್ ಅಂದರೆ ಏನು: ಸೀಲಿಯಾಕ್, ಜೀನ್ ಪರೀಕ್ಷೆ ಮತ್ತು ಜೋಳದ ಸೀಮೆಯ ಒಂದು ಮನೆ

ಧ್ವನಿ ಕೇಳಸ್ತಾ ಅದ ಅಂದುಕೊಂಡು ಶುರು ಮಾಡ್ತೀನಿ. ನಾನು ಅಕ್ಕಲಕೋಟ ಕಡೆಯವನು. ನಡುನಡುವೆ ಮಾತು ಊರ ಕಡೆ ಹೊರಳಿದರೆ ಸಹಿಸಿಕೊಳ್ರಿ.

ನಮ್ಮ ಅಕ್ಕನ ಮಗಳಿಗೆ ಈಗ 15 ವರ್ಷ. ಎರಡು ವರ್ಷ ‘ರಕ್ತ ಕಡಿಮೆ’ ಅಂತ ಕಬ್ಬಿಣದ ಗುಳಿಗೆ ನುಂಗಿದಳು. ರಕ್ತ ಏರಲಿಲ್ಲ, ಎತ್ತರವೂ ನಿಂತಲ್ಲೇ ನಿಂತಿತು. ಕೊನೆಗೆ ಸೊಲ್ಲಾಪುರದಲ್ಲಿ ಟಿಟಿಜಿ ಎಂಬ ಪ್ರತಿಕಾಯದ ರಕ್ತಪರೀಕ್ಷೆ ಮಾಡಿದರು. ಆಮೇಲೆ ಎಂಡೋಸ್ಕೋಪಿಯಲ್ಲಿ ಸಣ್ಣಕರುಳಿನ ತುಣುಕು ತೆಗೆದು ನೋಡಿ ಸೀಲಿಯಾಕ್ ಅಂದರು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿಬೀಳುವ ಕಾಯಿಲೆ ಇದು. ಇಂಥವನ್ನು ಆಟೋಇಮ್ಯೂನ್ ಕಾಯಿಲೆ ಅಂತಾರೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಯಾರೋ ಜೀನ್ ಪರೀಕ್ಷೆಯನ್ನೂ ಮಾಡಿಸಿದರು. ವರದಿ ಇಂಗ್ಲಿಷಿನಲ್ಲಿ ಬಂತು, ಡಾಕ್ಟರು ಮರಾಠಿಯಲ್ಲಿ ವಿವರಿಸಿದರು. ಅವರು ಅಂದ ‘ಅನುವಂಶಿಕ’ ಎಂಬ ಮಾತು ಮನೆಗೆ ಬರೋ ಹೊತ್ತಿಗೆ ಕನ್ನಡದಲ್ಲಿ ‘ವಂಶದ ರೋಗ’ ಆಗಿತ್ತು. ಅತ್ತೆ ಅಕ್ಕನಿಗೆ ನೇರವಾಗಿಯೇ ಅಂದರು: “ಇದು ನಿನ್ನ ತವರಿಂದ ಬಂದದ್ದು.” ಹುಡುಗಿ ನನಗೆ ಫೋನ್ ಮಾಡಿ ಕೇಳಿದ್ದು ಬೇರೆ: “ಮಾಮಾ, ನನಗ ಮುಂದ ಸಕ್ಕರಿ ಕಾಯಿಲೆನೂ ಬರ್ತದೇನು?” ಇವತ್ತಿನ ನನ್ನ ಮಾತು ಈ ಎರಡಕ್ಕೇ ಉತ್ತರ.

ವರದಿಯಲ್ಲಿ ಇದ್ದದ್ದು ‘ಎಚ್‌ಎಲ್‌ಎ ಡಿಕ್ಯೂ-2 ಪಾಸಿಟಿವ್’. ಎಚ್‌ಎಲ್‌ಎ ಜೀನುಗಳು ನಮ್ಮ 6ನೇ ಕ್ರೋಮೋಸೋಮಿನಲ್ಲಿವೆ. ಅವು ತಯಾರಿಸುವ ಅಣುಗಳು ಜೀವಕೋಶದ ಮೇಲೆ ಕೂತು, ಹೊರಗಿಂದ ಬಂದ ಪ್ರೋಟೀನಿನ ಚೂರನ್ನು ಹಿಡಿದು ರಕ್ಷಣಾ ಕೋಶಗಳಿಗೆ ತೋರಿಸುತ್ತವೆ. ಗ್ಲುಟೆನ್ ಚೂರುಗಳನ್ನು ಬಿಗಿಯಾಗಿ ಹಿಡಿಯುವ ಬಗೆಗಳು ಡಿಕ್ಯೂ-2 ಮತ್ತು ಡಿಕ್ಯೂ-8. ಸೀಲಿಯಾಕ್ ಇರುವ ಹೆಚ್ಚುಕಡಿಮೆ ಎಲ್ಲರಲ್ಲೂ ಇವುಗಳಲ್ಲಿ ಒಂದು ಇರುತ್ತದೆ. ಆದರೆ ಕಾಯಿಲೆಯೇ ಇಲ್ಲದ ಜನರಲ್ಲೂ ಸುಮಾರು ಮೂವರಲ್ಲಿ ಒಬ್ಬರಿಗೆ ಇದೆ. ಇದನ್ನು ಕೇಳ್ತಾ ಇರೋ ನಿಮ್ಮಲ್ಲೂ ಹಲವರಿಗೆ ಇರಬೇಕು.

ಇದಕ್ಕೆ ನಮ್ಮ ದೇಶದ್ದೇ ಒಳ್ಳೆಯ ಉದಾಹರಣೆ ಇದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ನೋಡಿತು. ಈ ಜೀನುಗಳ ಪ್ರಮಾಣದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ದೊಡ್ಡ ಅಂತರವಿರಲಿಲ್ಲ. ಕಾಯಿಲೆ ಮಾತ್ರ ಉತ್ತರದಲ್ಲಿ ಸಾವಿರಕ್ಕೆ 8ರ ಮೇಲೆ, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರ ಆಸುಪಾಸು. ಗೋಧಿ ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ, ಇಲ್ಲಿ 25 ಗ್ರಾಂ. ಗೋಧಿಯೊಂದೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ. ಆದರೆ ಜೀನು ಒಂದರಿಂದಲೇ ಕಾಯಿಲೆ ಬರಲ್ಲ ಅನ್ನೋದು ಸ್ಪಷ್ಟ. ನಮ್ಮದು ಜೋಳದ ಸೀಮೆ. ಅಜ್ಜಿಯ ಕಾಲಕ್ಕೆ ಗೋಧಿ ಅಂದರೆ ಹಬ್ಬದ ಹುಗ್ಗಿ, ಹೋಳಿಗೆ, ಅಷ್ಟೇ. ಈಗ ಡಬ್ಬಿಗೆ ಚಪಾತಿ, ಚಹಾಕ್ಕೆ ಬಿಸ್ಕೀಟು.

ಇನ್ನು ಅತ್ತೆಯ ಮಾತು. ಡಿಕ್ಯೂ-2 ಅಣು ಎರಡು ಸರಪಳಿ ಕೂಡಿ ಆಗುತ್ತದೆ. ಎರಡೂ ಒಬ್ಬರೇ ಹೆತ್ತವರಿಂದ ಬರಬಹುದು. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದು ಮಗುವಿನಲ್ಲಿ ಜೋಡಿಯಾಗಲೂಬಹುದು. ಮಗುವಿನ ‘ಪಾಸಿಟಿವ್’ ನೋಡಿ ಯಾವ ಮನೆಯಿಂದ ಬಂತು ಅಂತ ಹೇಳೋಕೆ ಬರೋದೇ ಇಲ್ಲ. ಇದನ್ನು ನಾನು ಅಕ್ಕನ ಮನೆಯಲ್ಲಿ ಕೂತು, ಎರಡು ಬಣ್ಣದ ಬಳೆ ಇಟ್ಟು ಅತ್ತೆಯವರಿಗೆ ತೋರಿಸಿದೆ. ಒಪ್ಪಿದರೋ ಇಲ್ಲವೋ, ಆ ಮಾತು ಮತ್ತೆ ಎತ್ತಲಿಲ್ಲ.

ಹುಡುಗಿಯ ಪ್ರಶ್ನೆ ಇನ್ನೂ ಕಷ್ಟದ್ದು. ಟೈಪ್-1 ಮಧುಮೇಹದ ಅಪಾಯ ಹೆಚ್ಚಿಸುವುದೂ ಇದೇ ಜೀನುಗಳ ಗುಂಪು. ಸೀಲಿಯಾಕ್ ಇದ್ದವರಲ್ಲಿ ಆ ಮಧುಮೇಹವೂ ಥೈರಾಯ್ಡಿನ ಆಟೋಇಮ್ಯೂನ್ ತೊಂದರೆಯೂ ಉಳಿದವರಿಗಿಂತ ಹೆಚ್ಚು ಕಾಣುತ್ತವೆ, ನಿಜ. ಹಾಗಂತ ಅವಳಿಗೆ ಬಂದೇ ಬರುತ್ತದೆ ಅಂತಲ್ಲ. ಬರುತ್ತದೋ ಇಲ್ಲವೋ, ಯಾವಾಗ, ಅಂತ ಆ ಕಾಗದ ಹೇಳಲ್ಲ. ಸೀಲಿಯಾಕ್ ಖಚಿತವಾದ ಮೇಲೆ ಡಿಕ್ಯೂ-2 ಇದೆ ಅನ್ನೋದು ಹೊಸ ಸುದ್ದಿಯೂ ಅಲ್ಲ. ಅವಳಿಗೆ ಕೆಲಸಕ್ಕೆ ಬರೋದು ಕಾಲಕಾಲಕ್ಕೆ ಮಾಡಿಸುವ ಥೈರಾಯ್ಡ್ ರಕ್ತಪರೀಕ್ಷೆ. ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ತೂಕ ಇಳಿಯೋದು ಕಂಡರೆ ತಡಮಾಡದೆ ಸಕ್ಕರೆ ನೋಡಿಸೋದು. ಇದನ್ನು ಅವಳಿಗೇ ಹೇಳಿದೆ, ಅಕ್ಕನ ಮೂಲಕ ಅಲ್ಲ. ಹದಿನೈದರ ಹುಡುಗಿಯ ಪರೀಕ್ಷೆ ಅಂದಮೇಲೆ ಅವಳನ್ನು ಮೊದಲೇ ಕೇಳಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಈ ಪರೀಕ್ಷೆ ದಂಡವೇ? ಅಲ್ಲ. ಅದರ ಬಲ ಇರೋದು ‘ಇಲ್ಲ’ ಎಂಬ ಉತ್ತರದಲ್ಲಿ. ಅವಳ ತಮ್ಮನಿಗೆ ಎರಡೂ ಬಗೆ ಇಲ್ಲ ಅಂತ ಬಂತು. ಅಂದರೆ ಅವನಿಗೆ ಸೀಲಿಯಾಕ್ ಬರುವ ಸಾಧ್ಯತೆ ತೀರಾ ಕಡಿಮೆ. ಮತ್ತೆ ಮತ್ತೆ ರಕ್ತ ತೆಗೆಸೋ ಕೆಲಸ ಉಳೀತು. ‘ಇದೆ’ ಅಂತ ಬಂದಿದ್ದರೆ ಆಗಾಗ ಟಿಟಿಜಿ ನೋಡಿಸಬೇಕಿತ್ತು. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟವರಿಗೂ ಇದು ಉಪಯೋಗ, ಯಾಕಂದರೆ ಗೋಧಿ ಬಿಟ್ಟ ಮೇಲೆ ಟಿಟಿಜಿ ಇಳಿದು ದಾರಿ ತಪ್ಪಿಸಬಹುದು, ಜೀನು ಬದಲಾಗಲ್ಲ.

ಈಗ ಮನೆಯಲ್ಲಿ ದೊಡ್ಡ ತಲೆನೋವು ಜೀನಿನದಲ್ಲ, ಗಿರಣಿಯದು. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ರೊಟ್ಟಿಯಲ್ಲೂ ಗ್ಲುಟೆನ್ ಬರುತ್ತದೆ. ಅಂಗಡಿಯ ಇಂಗಿನ ಪುಡಿಯಲ್ಲೂ ಎಷ್ಟೋ ಸಲ ಗೋಧಿ ಹಿಟ್ಟು ಇರುತ್ತದೆ. ಅಕ್ಕ ಕಂತಿನ ಮೇಲೆ ಮನೆಯಲ್ಲಿಡುವ ಸಣ್ಣ ಗಿರಣಿ ತಂದಿದ್ದಾಳೆ, ನಮ್ಮ ಕಡೆ ಘರಘಂಟಿ ಅಂತೀವಿ. ಅದಕ್ಕೆ ಜೋಳ ಹಾಕೋರು ಈಗ ಅತ್ತೆಯವರೇ.

ಪ್ರಶ್ನೆಗಳಿದ್ದರೆ ಕೇಳ್ರಿ.