ಸಾಮನ್ ಮೀನಿನ ಪಯಣವೂ ಕಿವಿರಿನ ಸಾಕ್ಷ್ಯವೂ

ಕೆನಡಾ ದೇಶದ ಪಶ್ಚಿಮ ಭಾಗದಲ್ಲಿ ಹರಿದು ಪೆಸಿಫಿಕ್ ಸಾಗರವನ್ನು ಸೇರುವ ಫ್ರೇಸರ್ ನದಿಗೆ ಪ್ರತಿವರ್ಷವೂ ಸಾಕೈ ಎಂಬ ಜಾತಿಯ ಸಾಮನ್ ಮೀನುಗಳು ಕಡಲಿನಿಂದ ಹಿಂದಿರುಗಿ, ಪ್ರವಾಹಕ್ಕೆ ಇದಿರಾಗಿ ಈಜಿ, ತಾವು ಹುಟ್ಟಿದ ತೊರೆಗಳನ್ನೇ ಅರಸಿ ಸೇರಿ, ಅಲ್ಲಿ ಮೊಟ್ಟೆಯಿಟ್ಟು ಪ್ರಾಣಬಿಡುತ್ತವೆ. ನದಿಯನ್ನು ಹೊಕ್ಕ ಮೇಲೆ ಅವು ಆಹಾರವನ್ನು ಮುಟ್ಟುವುದಿಲ್ಲವಾದುದರಿಂದ, ಈಜುವ ಶ್ರಮ, ಅಂಡವೀರ್ಯಗಳ ಪರಿಪಾಕ, ಉಪ್ಪುನೀರಿನಿಂದ ಸಿಹಿನೀರಿಗೆ ದೇಹವನ್ನು ಹೊಂದಿಸಿಕೊಳ್ಳುವ ಕಾರ್ಯ, ರೋಗನಿರೋಧ ಇವೆಲ್ಲದರ ವೆಚ್ಚವೂ ಕಡಲಿನಲ್ಲಿ ಕಟ್ಟಿಕೊಂಡ ಬುತ್ತಿಯಿಂದಲೇ, ಎಂದರೆ ಮೈಯಲ್ಲಿ ಸಂಚಿತವಾದ ಕೊಬ್ಬುಮಾಂಸಗಳಿಂದಲೇ ಸಾಗಬೇಕು.

ಹೀಗೆ ಮಿತವ್ಯಯದಿಂದ ನಡೆಯುವ ಈ ಪಯಣದಲ್ಲಿ ಪಾಲು ಬೇಡುವ ಪರೋಪಜೀವಿಗಳಲ್ಲಿ ಪಾರ್ವಿಕ್ಯಾಪ್ಸುಲಾ ಮಿನಿಬೈಕಾರ್ನಿಸ್ ಎಂಬುದೊಂದು. ವಂಶದಿಂದ ಜೆಲ್ಲಿ ಮೀನುಗಳ ದೂರದ ಬಂಧುವಾಗಿದ್ದರೂ ಬರಿಗಣ್ಣಿಗೆ ಕಾಣದಷ್ಟು ಕಿರಿದಾಗಿ ಹೋಗಿರುವ ಈ ಜೀವಿಯು, ನದಿಯ ಕೆಳಭಾಗದಲ್ಲಿ ಮೀನಿನ ದೇಹವನ್ನು ಹೊಕ್ಕು ಮೂತ್ರಪಿಂಡದಲ್ಲಿ ನೆಲೆಸುತ್ತದೆ. ಸಿಹಿನೀರಿನ ಮೀನಿನ ಒಡಲಿಗೆ ನೀರು ನಿರಂತರವಾಗಿ ಒಸರುತ್ತಿದ್ದು, ಅದನ್ನು ಹೊರಹಾಕುವ ಅಂಗವೇ ಮೂತ್ರಪಿಂಡವಾದುದರಿಂದ, ಅಲ್ಲಿನ ಹಾನಿ ಸಾಮಾನ್ಯವಾದುದಲ್ಲ. ಸೋಂಕು ತಗಲಿದೊಡನೆ ರೋಗ ತೋರುವುದೆಂದೂ ಇಲ್ಲ. ನೀರಿನ ದಿನದಿನದ ಉಷ್ಣಾಂಶವನ್ನು ಕೂಡುತ್ತ ಹೋದಾಗ ಮೊತ್ತವು 450 ಡಿಗ್ರಿಯ ಸುಮಾರಿಗೆ ಬಂದರೆ, ಎಂದರೆ 15 ಡಿಗ್ರಿಯ ನೀರಿನಲ್ಲಿ 30 ದಿನ ಕಳೆದರೆ, ವ್ಯಾಧಿಯು ತೀವ್ರರೂಪವನ್ನು ತಾಳುತ್ತದೆ. ಮೊದಲು ನದೀಮುಖದ ಬಳಿ ಕಡಲಿನಲ್ಲಿಯೇ ಕೆಲವು ವಾರ ತಂಗಿದ್ದು ನೀರು ತಣಿದ ಮೇಲೆ ಹೊರಡುತ್ತಿದ್ದ ಕೆಲವು ಗುಂಪುಗಳು, 1990ರ ದಶಕದ ನಡುವಿನಿಂದ, ಕಾಯದೆ, ನೀರು ಬೆಚ್ಚಗಿರುವಾಗಲೇ ನದಿಯನ್ನು ಹೊಗತೊಡಗಿದುವು. ಅಂಥ ಕೆಲವು ವರ್ಷಗಳಲ್ಲಿ ಅವುಗಳ ಹತ್ತರಲ್ಲಿ ಒಂಬತ್ತು ಪಾಲಿಗಿಂತಲೂ ಹೆಚ್ಚು ಮೀನುಗಳು ಮೊಟ್ಟೆಯಿಡದೆಯೇ ಅಳಿದುವು.

ಆದರೆ ಕಾಡುಮೀನಿನ ರೋಗವನ್ನು ಅರಿಯುವುದು ಸುಲಭವಲ್ಲ. ದಾರಿಯಲ್ಲಿ ಸತ್ತುದು ತಳಕ್ಕಿಳಿದು ಮರೆಯಾಗುತ್ತದೆ. ತೊರೆಯನ್ನು ಮುಟ್ಟಿದುದು ಬದುಕಿ ಉಳಿದುದು. ಉಳಿದವುಗಳನ್ನಷ್ಟೇ ಪರೀಕ್ಷಿಸಿದವನಿಗೆ ಅಳಿದವುಗಳ ಕಥೆ ತಿಳಿಯುವ ಬಗೆಯೆಂತು? ಈ ತೊಡಕನ್ನು ಬಿಡಿಸಿದುದು ವಂಶವಾಹಿಗಳ, ಎಂದರೆ ಜೀನುಗಳ, ಅಭಿವ್ಯಕ್ತಿಯ ಅಧ್ಯಯನ. ಜೀವಕೋಶದಲ್ಲಿ ಜೀನುಗಳೆಲ್ಲ ಇದ್ದರೂ ಎಲ್ಲವೂ ಸದಾ ಕಾರ್ಯಪ್ರವೃತ್ತವಾಗಿರುವುದಿಲ್ಲ; ಸಂದರ್ಭಕ್ಕೆ ತಕ್ಕ ಜೀನು ಎಚ್ಚೆತ್ತು ಆರ್.ಎನ್.ಎ. ಅಣುಗಳನ್ನು ರಚಿಸುತ್ತದೆ, ಆ ಅಣುಗಳ ಮೊತ್ತವನ್ನು ಅಳೆದರೆ ದೇಹವು ಆ ಕ್ಷಣದಲ್ಲಿ ಯಾವ ಕಾರ್ಯದಲ್ಲಿ ತೊಡಗಿದೆಯೆಂಬುದು ಗೊತ್ತಾಗುತ್ತದೆ. ಮೀನನ್ನು ಹಿಡಿದು, ಕಿವಿರಿನ ತುದಿಯ ಚೂರನ್ನು ಮಾತ್ರ ಕತ್ತರಿಸಿಕೊಂಡು, ರೇಡಿಯೋ ಸಂಕೇತ ಬೀರುವ ಪುಟ್ಟ ಸಾಧನವನ್ನು ತೊಡಿಸಿ ನೀರಿಗೆ ಬಿಟ್ಟರೆ, ಅದರ ಅಂದಿನ ದೇಹಸ್ಥಿತಿಯೂ ಮುಂದಿನ ಗತಿಯೂ ಒಟ್ಟಿಗೆ ದೊರೆಯುತ್ತವೆ.

ಕ್ರಿಸ್ಟಿ ಮಿಲ್ಲರ್ ಮತ್ತು ಸಂಗಡಿಗರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಕಡಲಿನಲ್ಲಿ ಹಿಡಿದಾಗಲೇ ಕಿವಿರಿನಲ್ಲಿ ಜೀನುಗಳ ಅಭಿವ್ಯಕ್ತಿಯ ಒಂದು ವಿಶಿಷ್ಟ ವಿನ್ಯಾಸವನ್ನು ತೋರಿದ ಮೀನುಗಳು ದಾರಿಯಲ್ಲಿ ಸಾಯುವ ಸಂಭವ, ಇತರ ಮೀನುಗಳಿಗಿಂತ 13.5 ಪಟ್ಟು ಅಧಿಕ; ಎಂದರೆ ಮೃತ್ಯುವಿನ ಸೂಚನೆ ನದೀಪ್ರವೇಶಕ್ಕೆ ಮೊದಲೇ ದೇಹದಲ್ಲಿತ್ತು. ಆ ವಿನ್ಯಾಸವು ವೈರಸ್ ಸೋಂಕಿನ ಪ್ರತಿಕ್ರಿಯೆಯನ್ನು ಹೋಲುತ್ತಿದ್ದುದರಿಂದ, ಕಡಲಿನಿಂದಲೇ ದುರ್ಬಲವಾಗಿ ಬಂದ ಮೀನಿಗೆ ನದಿಯ ಪರೋಪಜೀವಿಯು ಎರಡನೆಯ ಹೊರೆಯಾಗುವ ಸಂಭವವನ್ನೂ ಆಲೋಚಿಸಬೇಕಾಗುತ್ತದೆ.

ಆದರೂ ಇಲ್ಲಿ ವಿವೇಚನೆ ಬೇಕು. ರೋಗನಿರೋಧದ ಜೀನುಗಳು ಚುರುಕಾದುವೆಂದ ಮಾತ್ರಕ್ಕೆ ಅದು ಪರೋಪಜೀವಿಯ ಕೃತ್ಯವೆಂದು ಹೇಳಲಾಗದು; ಬಳಲಿಕೆ, ಕಾವೇರಿದ ನೀರು, ಪ್ರೌಢತೆಯ ಹಾರ್ಮೋನುಗಳು ಇವೂ ಜೀನುಗಳ ನಡತೆಯನ್ನು ಬದಲಿಸಬಲ್ಲುವು. ಆದುದರಿಂದಲೇ ಅನಂತರದ ಅಧ್ಯಯನಗಳಲ್ಲಿ ಒಂದೇ ಕಿವಿರಿನ ಚೂರಿನಿಂದ ಮೀನಿನ ಆರ್.ಎನ್.ಎ.ಯನ್ನೂ ಅದರಲ್ಲಿ ಅಡಗಿರುವ ಹಲವು ಸೂಕ್ಷ್ಮಜೀವಿಗಳ ಆನುವಂಶಿಕ ದ್ರವ್ಯವನ್ನೂ ಜೊತೆಯಾಗಿ ಅಳೆಯುವ ಕ್ರಮ ರೂಢಿಗೆ ಬಂದಿತು.

ಹೀಗೆ ರೋಗವನ್ನು ಅರಿತರೂ ಕೋಟಿಗಟ್ಟಲೆ ಕಾಡುಮೀನುಗಳಿಗೆ ಔಷಧ ಕೊಡುವುದು ಅಸಾಧ್ಯ; ಮಾಡಬಹುದಾದುದು ಹಿಡಿಯುವುದರ ನಿಯಂತ್ರಣ. ಫ್ರೇಸರ್ ನದಿಯ ಮೀನುಗಾರಿಕೆಯ ಅಧಿಕಾರಿಗಳು ನೀರಿನ ಉಷ್ಣಾಂಶವನ್ನೂ ಮೀನುಗಳು ನದಿಯನ್ನು ಹೊಕ್ಕ ದಿನವನ್ನೂ ನೋಡಿ, ದಾರಿಯಲ್ಲಿ ಆಗಬಹುದಾದ ನಷ್ಟವನ್ನು ಅಂದಾಜು ಮಾಡಿ, ಹಿಡಿಯುವ ಪ್ರಮಾಣವನ್ನು ತಗ್ಗಿಸುವ ಪದ್ಧತಿ ಈಗಾಗಲೇ ಇದೆ. ಆ ಲೆಕ್ಕಕ್ಕೆ ಕಿವಿರಿನ ಸಾಕ್ಷ್ಯವೂ ಸೇರಿದಲ್ಲಿ, ಕಡಲಿನಿಂದ ಎಷ್ಟು ಮೀನು ಬಂದಿತೆಂಬುದಷ್ಟೇ ಅಲ್ಲದೆ, ಬಂದವುಗಳಲ್ಲಿ ತೊರೆಯವರೆಗೆ ಸಾಗುವ ಕಸುವುಳ್ಳವು ಎಷ್ಟೆಂಬುದನ್ನೂ ಬಲೆ ಬೀಸುವ ಮೊದಲೇ ಊಹಿಸಬಹುದು.